ರಾಣಿಪುರಂ ಗುಡ್ಡ: ಇಳಿಯುವ ಹೊತ್ತಿನಿಂದ ಲೆಕ್ಕ ಹಿಡಿಯಿರಿ

ಭಾನುವಾರ ಹನ್ನೊಂದೂವರೆಗೆ ಕೇರಳದ ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡದ ಟಿಕೆಟ್ ಕೌಂಟರಿನ ಎದುರು ಕಾರು ನಿಲ್ಲಿಸಿ, ಅರ್ಧ ಲೀಟರಿನ ಒಂದು ಬಾಟಲಿ ನೀರನ್ನು ನಾಲ್ಕು ಜನ ಹಂಚಿಕೊಂಡು, ರಬ್ಬರ್ ಚಪ್ಪಲಿಯಲ್ಲಿ ಗುಡ್ಡ ಹತ್ತಲು ಹೊರಡುವವರು ಪ್ರತಿ ವಾರ ಸಿಗುತ್ತಾರೆ. ಹೆಚ್ಚಿನವರು ಅರ್ಧ ದಾರಿಯಿಂದಲೇ ವಾಪಸು. ಮಳೆಗಾಲದಲ್ಲಿ ಇಂಬಳ (ನೆಲದ ಜಿಗಣೆ) ಓಡಿಸುತ್ತದೆ, ಬೇಸಿಗೆಯಲ್ಲಿ ಬಿಸಿಲು ಓಡಿಸುತ್ತದೆ, ಅಕ್ಟೋಬರಿನಲ್ಲಿ ಗುಡುಗು ಓಡಿಸುತ್ತದೆ. ಗುಡ್ಡವೇನೂ ಕಷ್ಟದ್ದಲ್ಲ. ಕೌಂಟರಿನಿಂದ ನೆತ್ತಿಗೆ ಸುಮಾರು ಎರಡೂವರೆ ಕಿ.ಮೀ. ಬುಡವೇ ಸಮುದ್ರಮಟ್ಟದಿಂದ 750 ಮೀಟರ್ ಆಸುಪಾಸಿನಲ್ಲಿದೆ, ನೆತ್ತಿ 1000 ಮೀಟರಿಗಿಂತ ತುಸು ಮೇಲೆ. ಏರಬೇಕಾದದ್ದು 250–300 ಮೀಟರ್ ಅಷ್ಟೆ. ತಪ್ಪುವುದು ಕಾಲಿನಲ್ಲಿ ಅಲ್ಲ, ಗಡಿಯಾರದಲ್ಲಿ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಸುಳ್ಯ ಕಡೆಯಿಂದ ಒಂದೇ ದಿನದಲ್ಲಿ ಹೋಗಿ ಬರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ.

## 1. ದಿನ ಆರಿಸುವುದು

ಒಳ್ಳೆಯ ಕಾಲ ಸೆಪ್ಟೆಂಬರ್ ಕೊನೆಯಿಂದ ಜನವರಿಯವರೆಗೆ. ಹುಲ್ಲು ಹಸಿರಾಗಿರುತ್ತದೆ, ನಡುಹಗಲಿನ ಬಿಸಿಲು ತಡೆಯುವಷ್ಟಿರುತ್ತದೆ. ಇದರೊಳಗೂ ಒಂದು ಭೇದವಿದೆ. ಅಕ್ಟೋಬರ್–ನವೆಂಬರ್ ತುಲಾ ಮಳೆಯ ಕಾಲ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಮಧ್ಯಾಹ್ನ ಎರಡರ ಹೊತ್ತಿಗೆ ಪೂರ್ವದ ಮಲೆಯಿಂದ ಕಪ್ಪು ಏಳುತ್ತದೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಈ ತಿಂಗಳುಗಳಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಸಿಡಿಲಿನ ಬಗ್ಗೆ ಎಚ್ಚರವಿರಲು ಹೇಳುವುದು ಇದಕ್ಕೇ. ಆ ಎರಡು ತಿಂಗಳಲ್ಲಿ ಬೆಳಗಿನ ಏರಿಕೆ ಮಾತ್ರ ಸರಿ.

ಜೂನ್‌ನಿಂದ ಆಗಸ್ಟ್‌ವರೆಗೆ ಹೋಗಬಾರದೆಂದಿಲ್ಲ. ಆದರೆ ನೋಟ ಸಿಗುತ್ತದೆಂದು ಹೋಗಬೇಡಿ. ಅರಬ್ಬೀ ಸಮುದ್ರದ ತೇವದ ಗಾಳಿ ಈ ಗುಡ್ಡಸಾಲಿಗೆ ಬಡಿದು ಮೇಲೇರಿ ತಣಿಯುವಾಗಲೇ ಮೋಡವಾಗುತ್ತದೆ, ನೀವು ನಿಂತಿರುವುದು ಆ ಮೋಡದ ಒಳಗೆ. ಹತ್ತು ಮಾರು ಆಚೆ ಕಾಣುವುದಿಲ್ಲ. ಮಂಜಿನಲ್ಲಿ ನಡೆಯುವ ಖುಷಿಗೆ ಹೋಗುವವರಿಗೆ ಅದು ಸ್ವರ್ಗ, ಫೋಟೊಕ್ಕೆ ಹೋಗುವವರಿಗೆ ಬಿಳಿಯ ಗೋಡೆ.

ಫೆಬ್ರವರಿಯಿಂದ ಮೇ ತನಕ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ. ಅರಣ್ಯ ಇಲಾಖೆ ಕೆಲವೊಮ್ಮೆ ಪ್ರವೇಶವನ್ನೇ ನಿಲ್ಲಿಸುತ್ತದೆ. ಆನೆ ಓಡಾಟ ಹೆಚ್ಚಾದಾಗಲೂ, ಜಿಲ್ಲೆಗೆ ರೆಡ್ ಅಲರ್ಟ್ ಇರುವ ದಿನಗಳಲ್ಲೂ ಹಾಗೆಯೇ. ಆದ್ದರಿಂದ ಹಿಂದಿನ ದಿನ ಸಂಜೆ ಎರಡು ಕೆಲಸ ಮಾಡಿ: ಕಾಸರಗೋಡು ಜಿಲ್ಲೆಗೆ ಹವಾಮಾನ ಇಲಾಖೆಯ ಬಣ್ಣ ಯಾವುದು ಎಂದು ನೋಡಿ, ಮತ್ತು ಅರಣ್ಯ ಇಲಾಖೆಗೋ ಜಿಲ್ಲಾ ಪ್ರವಾಸೋದ್ಯಮ ಕೌನ್ಸಿಲಿಗೋ ಫೋನು ಮಾಡಿ ಗೇಟು ತೆರೆದಿದೆಯೇ, ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿ. ಕಿತ್ತಳೆ ಅಥವಾ ಕೆಂಪು ಇದ್ದರೆ ಆ ವಾರ ಬಿಡಿ. ಮುಚ್ಚಿದ ಗೇಟಿನಿಂದ ಹಿಂದಿರುಗುವ 80–90 ಕಿ.ಮೀ. ಪ್ರಯಾಣ ಉಳಿಯುತ್ತದೆ.

ನೋಟ ಅತಿ ಸ್ವಚ್ಛವಾಗಿ ಸಿಗುವುದು ಮಳೆ ಬಂದು ಹೋದ ಮರುದಿನ ಬೆಳಿಗ್ಗೆ, ಸ್ವಲ್ಪ ಗಾಳಿ ಇದ್ದರೆ. ಮಳೆ ಧೂಳನ್ನು ಕೆಳಗಿಳಿಸಿರುತ್ತದೆ. ಮಾರ್ಚ್‌ನಲ್ಲಿ ಆಕಾಶದಲ್ಲಿ ಒಂದು ಮೋಡವೂ ಇರದು, ಆದರೂ ಎದುರಿನ ಗುಡ್ಡ ಹೊಗೆಯಾಡಿದ ಹಾಗೆ ಕಾಣುತ್ತದೆ.

## 2. ಇಳಿಯುವ ಹೊತ್ತು ಮೊದಲು ಬರೆಯಿರಿ

ಎಲ್ಲರೂ ಹೊರಡುವ ಹೊತ್ತಿನಿಂದ ಲೆಕ್ಕ ಹಾಕುತ್ತಾರೆ. ಉಲ್ಟಾ ಹಾಕಿ. ಕೌಂಟರಿಗೆ ವಾಪಸು ಮುಟ್ಟಬೇಕಾದದ್ದು ಮಧ್ಯಾಹ್ನ ಒಂದು ಗಂಟೆಗೆ. ಅಲ್ಲಿಂದ ಹಿಂದಕ್ಕೆ ಎಣಿಸಿ:

- ಇಳಿಯಲು ಒಂದು ಗಂಟೆ: ನೆತ್ತಿಯಿಂದ 12ಕ್ಕೆ ಹೊರಡಬೇಕು.
- ನೆತ್ತಿಯಲ್ಲಿ ಒಂದು ಗಂಟೆ: 11ಕ್ಕೆ ಮುಟ್ಟಬೇಕು.
- ಹತ್ತಲು ಒಂದೂವರೆ ಗಂಟೆ, ಮಕ್ಕಳೋ ಅರುವತ್ತು ದಾಟಿದವರೋ ಇದ್ದರೆ ಎರಡು: 9ಕ್ಕೆ ನಡಿಗೆ ಶುರು.
- ಶೌಚ, ಟಿಕೆಟ್, ಚೀಲ ತಪಾಸಣೆಗೆ ಅರ್ಧ ಗಂಟೆ: 8.30ಕ್ಕೆ ಕೌಂಟರ್.

ಇದು ಕೊನೆಯ ಮಿತಿ. ಗೇಟು ತೆರೆಯುವ ಹೊತ್ತಿಗೇ ಅಲ್ಲಿರುವುದು ಇನ್ನೂ ಒಳ್ಳೆಯದು. ಕಾಸರಗೋಡು ಪೇಟೆಯಿಂದ ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ ಬೇಕೆಂದು ಇಟ್ಟುಕೊಳ್ಳಿ. ಹಾಗಾದರೆ ಐದೂವರೆಗೆ ಪೇಟೆ ಬಿಟ್ಟಿರಬೇಕು. "ಚಾ ಕುಡಿದು ಏಳಕ್ಕೆ ಹೊರಡುವಾ" ಎನ್ನುವ ತಂಡ ಕೌಂಟರಿಗೆ ಮುಟ್ಟುವಾಗ ಹತ್ತು ಗಂಟೆಯಾಗಿರುತ್ತದೆ, ಹುಲ್ಲುಗಾವಲಿಗೆ ಬರುವಾಗ ಸೂರ್ಯ ನೆತ್ತಿಯ ಮೇಲೆ.

ಸಂಜೆ ಹತ್ತಿ ಸೂರ್ಯಾಸ್ತ ನೋಡುವ ಆಸೆ ಬಿಟ್ಟುಬಿಡಿ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಕಾಡಿನ ಭಾಗದಲ್ಲಿ ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ಕತ್ತಲು. ಅದು ಆನೆ ಹೊರಡುವ ಹೊತ್ತು.

## 3. ದಾರಿ

ಮೂರು ದಾರಿಗಳಿವೆ, ಮೂರೂ ಪನತ್ತಡಿಯಲ್ಲಿ ಕೂಡುತ್ತವೆ. ಅಲ್ಲಿಂದ ರಾಣಿಪುರಕ್ಕೆ ಕವಲು ರಸ್ತೆ.

ಕಾಞಂಗಾಡಿನ ಮೂಲಕ. ಕರಾವಳಿಯವರಿಗೆ ಇದೇ ಸುಲಭ. ರೈಲಿನಲ್ಲಿ ಕಾಞಂಗಾಡಿಗೆ ಬಂದರೆ ಪಾಣತ್ತೂರು ಬಸ್ಸು ಸಿಗುತ್ತದೆ. ರಾಜಪುರಂ, ಕೋಳಿಚ್ಚಾಲ್ ದಾಟಿ ಪನತ್ತಡಿಯಲ್ಲಿ ಇಳಿಯಿರಿ. ರಾಣಿಪುರಕ್ಕೇ ಹೋಗುವ ಬಸ್ಸು ಕಡಿಮೆ, ಹೆಚ್ಚಿನವರು ಪನತ್ತಡಿಯಿಂದ ಆಟೊ ಅಥವಾ ಜೀಪು ಹಿಡಿಯುತ್ತಾರೆ. ಕಾಞಂಗಾಡಿನಿಂದ ಒಟ್ಟು ಸುಮಾರು 48 ಕಿ.ಮೀ. ಬಸ್ಸಿನ ಫಲಕ ಮಲಯಾಳದಲ್ಲಿ ಇರುತ್ತದೆ, ಓದಲು ಬಾರದಿದ್ದರೆ ಕಂಡಕ್ಟರನ್ನು ಕೇಳಿಯೇ ಹತ್ತಿ. "ಪಾಣತ್ತೂರು", "ಪನತ್ತಡಿ" ಎರಡು ಬೇರೆ ಊರು, ಗಡಿಬಿಡಿಯಲ್ಲಿ ಒಂದಾಗಿ ಕೇಳಿಸುತ್ತದೆ. ಪಾಣತ್ತೂರಿನಲ್ಲಿ ಇಳಿದರೆ ಮುಂದೆ ಬಂದಿದ್ದೀರಿ ಎಂದರ್ಥ, ವಾಪಸು ಬಸ್ಸು ಹಿಡಿಯಬೇಕು.

ಮಲೆನಾಡು ಹೆದ್ದಾರಿಯ ಮೂಲಕ. ಪೆರ್ಲ, ಬದಿಯಡ್ಕ, ಮುಳ್ಳೇರಿಯದವರು ಕರಾವಳಿಗೆ ಇಳಿದು ಸುತ್ತಿ ಬರಬೇಕಾಗಿಲ್ಲ. ಮುಳ್ಳೇರಿಯದಿಂದ ಪಡುಪು, ಬಂದಡ್ಕ ದಾರಿಯಾಗಿ ಕೋಳಿಚ್ಚಾಲಿಗೆ ಬನ್ನಿ. ಮ್ಯಾಪು ಕೆಲವು ಸಲ ರಾಷ್ಟ್ರೀಯ ಹೆದ್ದಾರಿಗೇ ಎಳೆಯುತ್ತದೆ, ನಡುವೆ "ಬಂದಡ್ಕ" ಎಂದು ಒಂದು ನಿಲುಗಡೆ ಸೇರಿಸಿಕೊಂಡರೆ ಸರಿಯಾಗುತ್ತದೆ.

ಸುಳ್ಯ ಅಥವಾ ಕೊಡಗಿನಿಂದ. ಸುಳ್ಯದವರಿಗೆ ಆಲೆಟ್ಟಿ, ಬಡ್ಡಡ್ಕ, ಕಲ್ಲಪ್ಪಳ್ಳಿ, ಪಾಣತ್ತೂರು. ಕೊಡಗಿನವರಿಗೆ ಭಾಗಮಂಡಲ, ಕರಿಕೆ, ಪಾಣತ್ತೂರು. ಕರಿಕೆ ಘಾಟಿ ಇಕ್ಕಟ್ಟು, ಮಳೆಗಾಲದಲ್ಲಿ ಮಣ್ಣು ಜರಿಯುವ ಜಾಗ. ಜೂನ್–ಆಗಸ್ಟ್‌ನಲ್ಲಿ ಅದನ್ನು ನಂಬಿ ಹೊರಡಬೇಡಿ.

ಯಾವ ದಾರಿಯಲ್ಲಿ ಬಂದರೂ ಪೆಟ್ರೋಲನ್ನು ಕವಲು ರಸ್ತೆಗೆ ತಿರುಗುವ ಮೊದಲೇ ತುಂಬಿಸಿ. ಪನತ್ತಡಿಯಿಂದ ಮೇಲಕ್ಕೆ ಏರು ಮತ್ತು ತಿರುವು. ಇಳಿಯುವಾಗ ಬ್ರೇಕನ್ನೇ ಒತ್ತಿಕೊಂಡು ಬರಬೇಡಿ, ಎರಡನೇ ಗೇರಿನಲ್ಲಿ ಬಿಡಿ. ಸುಟ್ಟ ವಾಸನೆ ಬಂದರೆ ಬ್ರೇಕು ಕಾದಿದೆ, ಬದಿಗೆ ನಿಲ್ಲಿಸಿ ತಣಿಯಲು ಬಿಡಿ. ನೀರು ಹೊಯ್ಯಬೇಡಿ.

## 4. ಚೀಲದಲ್ಲಿ ಏನು, ಎಷ್ಟು

ನೀರಿನಿಂದ ಶುರು. ಚಳಿಗಾಲದಲ್ಲಿ ತಲೆಗೆ ಎರಡು ಲೀಟರ್, ಫೆಬ್ರವರಿಯ ನಂತರ ಮೂರು. ನೆತ್ತಿಯಲ್ಲಿ ಕುಡಿಯುವ ನೀರಿಲ್ಲ. ಸ್ಟೀಲ್ ಬಾಟಲಿ ಇರಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ಕೇರಳದಲ್ಲಿ 2020ರ ಜನವರಿ 1ರಿಂದಲೇ ನಿಷೇಧವಿದೆ, ಅರಣ್ಯದ ಗೇಟಿನಲ್ಲಿ ಇದನ್ನು ನೋಡುತ್ತಾರೆ. ತಲೆಗೊಂದು ಓಆರ್‌ಎಸ್ ಪೊಟ್ಟಣ ಹಾಕಿಕೊಳ್ಳಿ. ದೊಡ್ಡ ಪೊಟ್ಟಣವಾದರೆ ಒಂದು ಲೀಟರ್ ನೀರಿಗೆ ಇಡೀ ಒಂದು. ಅರ್ಧ ಬಾಟಲಿಗೆ ಪೂರ್ತಿ ಸುರಿದು ಕುಡಿದರೆ ಬಾಯಾರಿಕೆ ಇನ್ನೂ ಹೆಚ್ಚುತ್ತದೆ.

ಬುತ್ತಿ: ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ–ಚಟ್ನಿಪುಡಿ, ಇಲ್ಲವೇ ಒಗ್ಗರಣೆ ಅವಲಕ್ಕಿ. ತೆಂಗಿನಕಾಯಿ ಚಟ್ನಿ ಬೇಡ, ಬೆಳಿಗ್ಗೆ ಐದಕ್ಕೆ ಕಟ್ಟಿದ್ದು ಹನ್ನೊಂದಕ್ಕೆ ಹಳಸಿರುತ್ತದೆ. ಜೊತೆಗೆ ಬೆಲ್ಲ, ನೆಲಗಡಲೆ. ಬಾಳೆಹಣ್ಣು, ಹಲಸಿನಹಣ್ಣು ಕಾಡಿಗೆ ತರಬೇಡಿ. ಮಂಗಕ್ಕೂ ಆನೆಗೂ ಅದರ ವಾಸನೆ ಬೇಗ ತಿಳಿಯುತ್ತದೆ. ತಂದೇ ತೀರುವುದಾದರೆ ಕಾರಿನಲ್ಲಿ ತಿಂದು ಸಿಪ್ಪೆ ಕಾರಿನಲ್ಲೇ ಬಿಡಿ.

ಕಾಲಿಗೆ ಅಡಿಯಲ್ಲಿ ಆಳದ ಗೆರೆಗಳಿರುವ, ಹಳೆಯದಾಗಿ ಕಾಲಿಗೆ ಒಗ್ಗಿದ ಶೂ. ಹೊಸ ಶೂ ಆ ದಿನವೇ ಹಾಕಿದರೆ ಹಿಮ್ಮಡಿಯಲ್ಲಿ ಬೊಕ್ಕೆ ಗ್ಯಾರಂಟಿ. ಅಡಿಕೆ ತೋಟದ ಗಂಬೂಟು ಇಂಬಳಕ್ಕೆ ಒಳ್ಳೆಯದೆಂದು ಕೆಲವರು ತರುತ್ತಾರೆ. ಅದು ಸಮತಟ್ಟು ತೋಟಕ್ಕೆ ಸರಿ. ಏರಿನಲ್ಲಿ ಪಾದ ಒಳಗೆ ಜಾರುತ್ತದೆ, ಪಾದದ ಗಂಟು ಬಗ್ಗುವುದಿಲ್ಲ, ಮೇಲಿನಿಂದ ನುಗ್ಗಿದ ಇಂಬಳ ಒಳಗೇ ಸುಖವಾಗಿರುತ್ತದೆ.

ಕೊಡೆ ಬೇಡ. ಹುಲ್ಲುಗಾವಲಿನ ಏಣಿನಲ್ಲಿ (ಏಣು ಎಂದರೆ ಗುಡ್ಡದ ಬೆನ್ನು) ಮೊದಲ ಗಾಳಿಗೇ ಮಗುಚುತ್ತದೆ. ಅದನ್ನು ಹಿಡಿಯುವ ಗಲಾಟೆಯಲ್ಲಿ ಕಾಲು ತಪ್ಪುತ್ತದೆ. ರೈನ್‌ಕೋಟು ತನ್ನಿ. ತೆಳುವಾದ ಒಂದು ಉದ್ದ ತೋಳಿನ ಅಂಗಿಯೂ ಇರಲಿ: ಕರಾವಳಿಗಿಂತ ಇಲ್ಲಿ ಐದಾರು ಡಿಗ್ರಿ ತಂಪು, ಬೆವರಿ ಒದ್ದೆಯಾದ ಮೈಗೆ ನೆತ್ತಿಯ ಗಾಳಿ ಸೋಕಿದರೆ ನಡುಕ ಬರುತ್ತದೆ.

ಉಳಿದದ್ದು ಚಿಕ್ಕದು: ಟಾರ್ಚು, ಸೀಟಿ, ಅಂಟುಪಟ್ಟಿ, ಡೆಟಾಲ್, ಒಂದು ಜೊತೆ ಒಣ ಕಾಲುಚೀಲ, ಕಸಕ್ಕೊಂದು ಬಟ್ಟೆಚೀಲ, ಮತ್ತು ಚಿಲ್ಲರೆ ನೋಟು. ನೆಟ್‌ವರ್ಕ್ ಕೈಕೊಟ್ಟಾಗ ಯುಪಿಐ ನಡೆಯದು.

## 5. ಇಂಬಳಕ್ಕೆ ತಯಾರಿ

ಜನ ವಾಪಸಾಗುವ ಮೊದಲ ಕಾರಣ ಇದು, ಆದ್ದರಿಂದ ಸ್ವಲ್ಪ ವಿವರವಾಗಿ. ಜೂನ್‌ನಿಂದ ನವೆಂಬರ್‌ವರೆಗೆ, ಮಳೆ ಬಿಟ್ಟ ಮೇಲೂ ತರಗೆಲೆ ಒದ್ದೆ ಇರುವಷ್ಟು ಕಾಲ ಇಂಬಳ ಇದ್ದೇ ಇರುತ್ತದೆ. ಮಲಯಾಳದವರು "ಅಟ್ಟ" ಎನ್ನುತ್ತಾರೆ. ಕೌಂಟರಿನಲ್ಲಿ "ಅಟ್ಟ ಉಂಡೋ?" ಎಂದು ಕೇಳಿದರೆ ಆ ದಿನದ ಸ್ಥಿತಿ ಗೊತ್ತಾಗುತ್ತದೆ.

ಇಂಬಳ ಮರದಿಂದ ತಲೆಯ ಮೇಲೆ ಉದುರುತ್ತದೆ ಎಂಬ ಮಾತಿದೆ. ನಿಜವಾಗಿ ಅದು ಹತ್ತುವುದು ನೆಲದ ತರಗೆಲೆಯಿಂದ, ಮೊಣಕಾಲೆತ್ತರದ ಎಲೆಗಳಿಂದ. ಹೆಜ್ಜೆಯ ಅದುರು, ಮೈಯ ಬಿಸಿ, ನಾವು ಬಿಡುವ ಉಸಿರು, ಇವುಗಳಿಂದ ನಾವು ಬಂದದ್ದು ಅದಕ್ಕೆ ತಿಳಿಯುತ್ತದೆ. ಎಲೆಯ ತುದಿಯಲ್ಲಿ ತನ್ನ ಹಿಂದಿನ ತುದಿ ಊರಿ, ದಾರದ ತುಂಡಿನ ಹಾಗೆ ನಿಮಿರಿ ನಿಂತು, ಗಾಳಿಯಲ್ಲಿ ಅತ್ತಿತ್ತ ತಡಕಾಡುವುದನ್ನು ಬಗ್ಗಿ ನೋಡಿದರೆ ಕಾಣಬಹುದು. ಹಾಗಾಗಿ ಸಾಲಿನಲ್ಲಿ ಮೊದಲು ಹೋದವನಿಗಿಂತ ಎರಡನೆಯ, ಮೂರನೆಯವರಿಗೆ ಹೆಚ್ಚು ಹತ್ತುತ್ತದೆ. ಮೊದಲನೆಯ ಹೆಜ್ಜೆ ಎಬ್ಬಿಸುತ್ತದೆ, ಹಿಂದಿನವರ ಕಾಲು ಸಿಗುತ್ತದೆ.

ಮಾಡಬೇಕಾದದ್ದು ಈ ಕ್ರಮದಲ್ಲಿ:

1. ಪ್ಯಾಂಟಿನ ಕೆಳತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ಹೊರಗೆ ಬಿಟ್ಟರೆ ಇಂಬಳಕ್ಕೆ ಗವಿ ಕೊಟ್ಟ ಹಾಗೆ.
2. ಶೂವಿನ ಮೇಲೆ, ಕಾಲುಚೀಲದ ಸುತ್ತ ಒಣ ಬಾರ್ ಸಾಬೂನು ತಿಕ್ಕಿ, ಇಲ್ಲವೇ ಹೊಗೆಸೊಪ್ಪು ನೆನೆಸಿದ ನೀರು ಸವರಿ. ಮಳೆ ಬಂದರೆ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು.
3. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಳ್ಳಿ. ಬಟ್ಟೆ, ಶೂವಿನ ಮೇಲೆ ಹತ್ತಿದ ಇಂಬಳಕ್ಕೆ ಒತ್ತಿದರೆ ಬೀಳುತ್ತದೆ.
4. ಕಾಡಿನ ಭಾಗದಲ್ಲಿ ನಿಲ್ಲಬೇಡಿ. ಉಸಿರು ತೆಗೆದುಕೊಳ್ಳುವುದಿದ್ದರೆ ಬಿಸಿಲು ಬಿದ್ದ ಬಂಡೆಯ ಮೇಲೆ.

ಚರ್ಮಕ್ಕೆ ಕಚ್ಚಿದ ಮೇಲೆ ಎಳೆದು ಕೀಳುವುದೂ, ಬೆಂಕಿಕಡ್ಡಿ ತಾಗಿಸುವುದೂ ತಪ್ಪು. ಗಾಬರಿಯಾದ ಇಂಬಳ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಾರಬಹುದು. ಸಪುರ ತುದಿಯ ಬದಿಯಲ್ಲಿ, ಅದು ಚರ್ಮಕ್ಕೆ ಅಂಟಿದ ಜಾಗಕ್ಕೆ ಉಗುರು ಒತ್ತಿ ಬದಿಗೆ ಸರಿಸಿ, ಆಮೇಲೆ ದಪ್ಪ ತುದಿ. ಬಿಟ್ಟ ಮೇಲೂ ರಕ್ತ ಗಂಟೆಗಟ್ಟಲೆ ಜಿನುಗಬಹುದು, ಏಕೆಂದರೆ ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಸಾಬೂನಿನಲ್ಲಿ ತೊಳೆದು ಬಟ್ಟೆ ಒತ್ತಿ ಕಟ್ಟಿ, ಅಷ್ಟೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಳೆಗಾಲದಲ್ಲಿ ಬರದಿರುವುದು ಲೇಸು.

## 6. ಗೇಟಿನಲ್ಲಿ

ಟಿಕೆಟ್ ತೆಗೆದುಕೊಳ್ಳದೆ ಬೇರೆ ಕಡೆಯಿಂದ ನುಗ್ಗುವುದು ಕೆಲವರಿಗೆ ಸಾಹಸ. ಕಾಯ್ದಿಟ್ಟ ಅರಣ್ಯಕ್ಕೆ ಅನುಮತಿಯಿಲ್ಲದೆ ಹೋಗುವುದು 1961ರ ಕೇರಳ ಅರಣ್ಯ ಕಾಯ್ದೆಯಡಿ ಅಪರಾಧ. ಅದಕ್ಕಿಂತ ದೊಡ್ಡ ಸಂಗತಿ, ನೀವು ಒಳಗಿದ್ದೀರಿ ಎಂದು ಯಾರಿಗೂ ಗೊತ್ತಿರುವುದಿಲ್ಲ. ಟಿಕೆಟ್ ಪುಸ್ತಕವೇ ಸಂಜೆಯ ಹಾಜರಿ ಪಟ್ಟಿ.

ಕೇಳಬೇಕಾದ ಪ್ರಶ್ನೆ ಮೂರು: ಈ ವಾರ ಆನೆ ಎಲ್ಲಿ ಕಂಡಿದೆ, ಎಲ್ಲಿಯವರೆಗೆ ಬಿಡುತ್ತೀರಿ, ಎಷ್ಟು ಗಂಟೆಯೊಳಗೆ ಇಳಿಯಬೇಕು. ಗಾರ್ಡ್ "ಇಂದು ಮೇಲೆ ಬೇಡ" ಎಂದರೆ ವಾದಿಸಬೇಡಿ, "ದೂರದಿಂದ ಬಂದಿದ್ದೇವೆ" ಎನ್ನುವುದು ಆನೆಗೆ ಲೆಕ್ಕಕ್ಕಿಲ್ಲ. ಕುಡಿದು ಬಂದವರನ್ನು, ಡ್ರೋನ್ ತಂದವರನ್ನು, ಬೆಂಕಿಪೊಟ್ಟಣ ಇಟ್ಟುಕೊಂಡವರನ್ನು ನಿಮ್ಮ ತಂಡದಿಂದ ಕೆಳಗೇ ಬಿಡಿ.

## 7. ಹತ್ತುವುದು

ದಾರಿ ಕಾಡಿನಲ್ಲಿ ಶುರುವಾಗಿ ಹುಲ್ಲಿಗೆ ತೆರೆದುಕೊಳ್ಳುತ್ತದೆ, ನಡುವೆ ಮತ್ತೆ ಕಾಡಿನ ತುಂಡು, ಕೊನೆಗೆ ಬೋಳು ಏಣು ಮತ್ತು ಬಂಡೆ.

ಕಾಡಿನ ಭಾಗದಲ್ಲಿ ಉತ್ಸಾಹಕ್ಕೆ ವೇಗ ಹಿಡಿಯುವುದು ಸಾಮಾನ್ಯ ತಪ್ಪು. ಇಲ್ಲಿ ನೆರಳಿದೆ, ದಣಿವು ತಿಳಿಯುವುದಿಲ್ಲ. ಬಿಸಿಲಿನ ಹುಲ್ಲಿಗೆ ಬರುವಾಗ ಉಸಿರು ಖಾಲಿ. ಮಾತಾಡುತ್ತ ನಡೆಯಲು ಆಗುವಷ್ಟೇ ವೇಗ ಇರಲಿ, ವಾಕ್ಯದ ನಡುವೆ ಉಸಿರು ಕಡಿದರೆ ನಿಧಾನ ಮಾಡಿ. ಬೇರಿನ ಮೇಲೆ ಕಾಲಿಡಬೇಡಿ, ಒದ್ದೆ ಬೇರು ಆಟಿ ತಿಂಗಳ ಪಾಚಿ ಹಿಡಿದ ಅಂಗಳದ ಹಾಗೆ. ಅಂಗಳದಲ್ಲಾದರೆ ಅಡಿಕೆ ಸೋಗೆ ಹಾಸುತ್ತೇವೆ, ಇಲ್ಲಿ ಹಾಸುವವರಿಲ್ಲ. ಬೇರಿನ ಹಿಂದೆ ಮಣ್ಣು ನಿಂತ ಜಾಗಕ್ಕೆ ಪೂರ್ತಿ ಪಾದ ಊರಿ. ಕೊಂಬೆ ಹಿಡಿಯುವ ಮೊದಲು ಕಣ್ಣು ಹಾಯಿಸಿ. ಮಳೆಗಾಲದಲ್ಲಿ ಮಲಬಾರ್ ಗುಳಿಮಂಡಲ ಹಾವು ತಗ್ಗಿನ ಕೊಂಬೆ, ಬಂಡೆಗಳ ಮೇಲೆ ಅಲುಗಾಡದೆ ಬಿದ್ದಿರುತ್ತದೆ, ಬಣ್ಣ ಎಲೆಗೂ ಪಾಚಿಗೂ ಬೆರೆತಿರುತ್ತದೆ.

ಹುಲ್ಲಿಗೆ ಬಂದ ಕೂಡಲೇ ಮಾಡಬೇಕಾದ ಕೆಲಸ ಒಂದೇ: ಹಿಂತಿರುಗಿ ನಿಂತು, ನೀವು ಹೊರಬಂದ ಕಾಡಿನ ಬಾಯಿಯ ಫೋಟೊ ತೆಗೆಯಿರಿ. ಮುಖದ ಫೋಟೊ ಆಮೇಲೆ. ಇಳಿಯುವಾಗ ಇಡೀ ಕಾಡಿನ ಅಂಚು ಒಂದೇ ಥರ ಕಾಣುತ್ತದೆ, ಹುಲ್ಲಿನಲ್ಲಿ ದನದ್ದೋ ಆನೆಯದೋ ಹಲವು ಜಾಡುಗಳಿರುತ್ತವೆ. ಮಂಜು ಕವಿದರೆ ಯಾವುದು ನಮ್ಮ ದಾರಿ ಎಂದು ಹೇಳಲು ಆ ಫೋಟೊ ಒಂದೇ ಸಾಕ್ಷಿ. ಕವಲು ಸಿಕ್ಕಲ್ಲೆಲ್ಲ ಹೀಗೇ ಮಾಡಿ.

ಹುಲ್ಲೂ ಕಾಡೂ ಹೀಗೆ ತುಂಡು ತುಂಡಾಗಿ ಯಾಕಿದೆ ಎಂದು ತಿಳಿದರೆ ದಾರಿ ಓದಲು ಸುಲಭ. ಏಣಿನ ಮೇಲೆ ಮಣ್ಣು ತೆಳು, ಗಾಳಿ ಜೋರು, ಬೇಸಿಗೆಯಲ್ಲಿ ಬೆಂಕಿ. ಅಲ್ಲಿ ಹುಲ್ಲು ಮಾತ್ರ ಬಾಳುತ್ತದೆ. ಗುಡ್ಡದ ಮಡಿಕೆಗಳಲ್ಲಿ ಮಣ್ಣು, ನೀರು ನಿಲ್ಲುತ್ತದೆ, ಗಾಳಿ ತಾಗುವುದಿಲ್ಲ. ಅಲ್ಲಿ ಗಿಡ್ಡ ಮರಗಳ ದಟ್ಟ ಕಾಡು, ಶೋಲಾ ಎನ್ನುತ್ತಾರೆ. ಇದರಿಂದ ನಮಗೆ ಸಿಗುವ ನಿಯಮ: ಹುಲ್ಲಿನ ಏಣು ದಾರಿ, ಮರದ ಮಡಿಕೆ ದಾರಿಯಲ್ಲ. ಹಗಲಿನಲ್ಲಿ ಆನೆ ನೆರಳಿಗೂ ನೀರಿಗೂ ನಿಲ್ಲುವುದು ಅಂಥ ಮಡಿಕೆಗಳಲ್ಲೇ. "ಆಚೆ ತಂಪಾಗಿ ಕಾಣುತ್ತದೆ, ಅಲ್ಲಿ ಊಟ ಮಾಡುವಾ" ಎಂದು ಇಳಿಯುವವರಿಗೆ ಇದನ್ನು ಹೇಳಿ.

ನೀರು ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಬಾಯಾರಿಕೆಗೆ ಕಾಯಬೇಡಿ. ತಲೆನೋವು, ವಾಕರಿಕೆ, ಕಣ್ಣು ಕತ್ತಲೆ ಬಂದರೆ ನೆರಳಿನಲ್ಲಿ ಮಲಗಿಸಿ ಕಾಲು ಎತ್ತರಕ್ಕಿಟ್ಟು ಓಆರ್‌ಎಸ್ ಕೊಡಿ, ಆ ದಿನ ಮೇಲಕ್ಕೆ ಹೋಗುವುದು ಬೇಡ. ಮಾತು ತೊದಲಿದರೆ, ಮೈ ಬಿಸಿಯಾಗಿ ಗಲಿಬಿಲಿಗೊಂಡರೆ ಅದು ಬಿಸಿಲಿನ ಆಘಾತ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ 112ಕ್ಕೆ ಕರೆ ಮಾಡಿ, ಕೆಳಗಿನ ಗಾರ್ಡಿಗೆ ಸುದ್ದಿ ಮುಟ್ಟಿಸಿ. ರೇಂಜು ಎಲ್ಲ ಕಡೆ ಸಿಗದು, ಏಣಿನ ಮೇಲೆ ಸಿಗುವ ಸಾಧ್ಯತೆ ಹೆಚ್ಚು.

## 8. ನಿಲ್ಲಬೇಕೆಂದು ಹೇಳುವ ಮೂರು ಗುರುತು

ಲದ್ದಿ. ದಾರಿಯಲ್ಲಿ ಆನೆ ಲದ್ದಿ ಸಿಗುವುದು ಸಹಜ, ಎಲ್ಲದಕ್ಕೂ ಹೆದರಬೇಕಿಲ್ಲ. ಕಂದುಬಣ್ಣಕ್ಕೆ ತಿರುಗಿ, ಒಣಗಿ, ನಾರು ಬಿಚ್ಚಿ ಅಣಬೆ ಎದ್ದಿದ್ದರೆ ಹಳೆಯದು. ಹಸಿರು ಮಿಶ್ರಿತ ಹಳದಿ, ಮೇಲೆ ಹೊಳಪಿನ ಪಸೆ, ವಾಸನೆ ಇನ್ನೂ ಗಾಢ, ಬೆಳಗಿನ ತಂಪಿನಲ್ಲಿ ಹಬೆ ಆಡುತ್ತಿದ್ದರೆ ಆನೆ ಅಲ್ಲೇ ಸುತ್ತ ಇದೆ. ಅದರ ಜೊತೆ ಮುರಿದ ಕೊಂಬೆಯ ಬಿಳಿ ತಿರುಳು, ಎಲ್ಲೋ ಲಟಲಟ ಮುರಿಯುವ ಸದ್ದು, ಹೊಟ್ಟೆಯೊಳಗಿಂದ ಬಂದಂಥ ಗುರುಗುರು ಕೇಳಿದರೆ ನಿಂತಲ್ಲೇ ನಿಲ್ಲಿ. ಮಾತಿಲ್ಲ, ಸೀಟಿ ಇಲ್ಲ, ಫ್ಲ್ಯಾಷ್ ಇಲ್ಲ. ಬಂದ ದಾರಿಯಲ್ಲೇ ಎಲ್ಲರೂ ಒಟ್ಟಾಗಿ ಹಿಂದೆ ಸರಿಯಿರಿ. ಮರಿ ಕಂಡರೆ ತಾಯಿ ಯಾವ ಬದಿಯಲ್ಲಿದೆ ಎಂದು ಹುಡುಕಲು ಹೋಗಬೇಡಿ. ಈ ಕಾಡು ಕೊಡಗಿನ ಕಾಡಿಗೆ ಒಂದೇ ಹಾಸಾಗಿ ಸೇರುತ್ತದೆ, ಆನೆಗೆ ಗಡಿ ಇಲ್ಲ.

ಮಂಜು. ಕೆಳಗಿನ ಕಣಿವೆಯಿಂದ ಬಿಳಿ ಮೇಲೇರುತ್ತಿದ್ದರೆ ಹತ್ತು ನಿಮಿಷದಲ್ಲಿ ನಿಮ್ಮನ್ನು ಮುಟ್ಟುತ್ತದೆ. ಕವಿದ ಮೇಲೆ ನಡೆಯಬೇಡಿ, ಜಾಡಿನ ಮೇಲೇ ಕುಳಿತುಕೊಳ್ಳಿ. ಹೆಚ್ಚಿನ ಸಲ ಹದಿನೈದಿಪ್ಪತ್ತು ನಿಮಿಷದಲ್ಲಿ ಒಮ್ಮೆ ಬಿಡಿಸುತ್ತದೆ. ಬಿಡಿಸಿದಾಗ ಗುರುತು ಹಿಡಿದು ಮುಂದಿನ ಬಂಡೆಯವರೆಗೆ ಹೋಗಿ, ಮತ್ತೆ ಕಾಯಿರಿ. ದಾರಿ ತಪ್ಪಿದೆ ಅನಿಸಿದರೆ ಇಳಿಜಾರಿನಲ್ಲಿ ಇಳಿಯಬೇಡಿ, ಏಣಿಗೆ ಹಿಂದಿರುಗಿ ಮೂರು ಸಲ ಸೀಟಿ ಊದಿ, ನಿಂತು ಕೇಳಿ, ಮತ್ತೆ ಊದಿ. ಆನೆಯ ಗುರುತು ಕಂಡ ದಿನ ಸೀಟಿಯೂ ಬೇಡ.

ಗುಡುಗು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿದರೆ ದೂರ ಕಿ.ಮೀ.ನಲ್ಲಿ ಸಿಗುತ್ತದೆ. ಮೂವತ್ತಕ್ಕಿಂತ ಕಡಿಮೆ ಬಂದರೆ, ಎಂದರೆ ಹತ್ತು ಕಿ.ಮೀ. ಒಳಗೆ, ಏಣು ಬಿಟ್ಟು ಇಳಿಯಿರಿ. ನಿಜ ಹೇಳಬೇಕೆಂದರೆ ಗುಡುಗು ಕೇಳಿಸಿದರೇ ಸಾಕು, ಎಣಿಸುತ್ತ ಕೂರುವುದು ಯಾಕೆ? ಬೋಳು ಗುಡ್ಡದಲ್ಲಿ ಅತಿ ಎತ್ತರದ ವಸ್ತು ನೀವೇ. ಒಂಟಿ ಮರದ ಬುಡ, ಬಂಡೆಯ ಪೊಟರೆ ಎರಡೂ ಬೇಡ. ಇಳಿಯಲು ಸಾಧ್ಯವೇ ಇಲ್ಲದಿದ್ದರೆ ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂತು ತಲೆ ತಗ್ಗಿಸಿ, ಒಬ್ಬರಿಂದೊಬ್ಬರು ದೂರ ಇರಿ. ಕೂದಲು ನಿಮಿರಿದಂತಾದರೆ ಕ್ಷಣವೂ ತಡಮಾಡದೆ ಹೀಗೆ ಕೂರಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವ ತನಕ ಬಂಡೆಗೆ ಹಿಂದಿರುಗಬಾರದು.

## 9. ನೆತ್ತಿಯಲ್ಲಿ

ಕೊನೆಯ ಬಂಡೆ ಹತ್ತುವಾಗ ಚೀಲ ಕೆಳಗಿಡುವುದು ಬೇಡ, ಮಂಗ ಬಿಚ್ಚುತ್ತದೆ. ಒದ್ದೆ ಬಂಡೆಯಲ್ಲಿ ಕಪ್ಪು ಪಟ್ಟೆ ಕಂಡಲ್ಲಿ ಕಾಲಿಡಬೇಡಿ, ಅದು ಪಾಚಿ. ಒರಟಾಗಿ ಬೂದುಬಣ್ಣಕ್ಕಿರುವ ಜಾಗ ಹಿಡಿತ ಕೊಡುತ್ತದೆ. ಅಂಚಿನಿಂದ ಎರಡು ಮೀಟರ್ ಒಳಗೆ ನಿಲ್ಲಿ. ಸೆಲ್ಫಿಗೆ ಹಿಂದಕ್ಕೆ ಹೆಜ್ಜೆ ಇಡುವ ಅಭ್ಯಾಸವಿದ್ದವರನ್ನು ಮೊದಲು ಕೂರಿಸಿ, ಆಮೇಲೆ ಫೋಟೊ.

ಬೆಳಿಗ್ಗೆ ಪೂರ್ವಕ್ಕೆ, ಕೊಡಗಿನ ಮಲೆಗಳ ಕಡೆ, ಬೆಳಕು ಎದುರು ಬೀಳುತ್ತದೆ. ಸಾಲು ಸಾಲು ಗುಡ್ಡಗಳು ನೀಲಿ ಪದರಗಳಾಗಿ ಮಾತ್ರ ಕಾಣುತ್ತವೆ. ಬಣ್ಣ ಬೇಕಿದ್ದರೆ ಪಶ್ಚಿಮಕ್ಕೆ ತಿರುಗಿ, ಹುಲ್ಲಿನ ಹಸಿರೂ ಕರಾವಳಿಯ ಕಡೆ ಇಳಿಯುವ ಸಾಲೂ ಆಗ ಸರಿಯಾಗಿ ಬರುತ್ತದೆ. ಊಟಕ್ಕೆ ಮೊದಲು ಒದ್ದೆ ಅಂಗಿ ಬದಲಿಸಿ. ಬಾಳೆಲೆಯನ್ನೂ ಕಸದ ಚೀಲಕ್ಕೇ ಹಾಕಿ, "ಮಣ್ಣಾಗುತ್ತದೆ" ಎಂದು ಬಿಟ್ಟರೆ ಅದು ಮಣ್ಣಾಗುವ ಮೊದಲು ಮಂಗಗಳಿಗೆ ಪಾಠವಾಗುತ್ತದೆ. 12 ಗಂಟೆಗೆ ಅಲಾರಂ ಇಟ್ಟಿರಿ, ಹೊಡೆದಾಗ ಏಳಿ.

## 10. ಇಳಿಯುವುದು

ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಇಲ್ಲೇ. ಜನ ನಡೆದು ಮಲಗಿಸಿದ ಹುಲ್ಲು ಒಣಗಿದಾಗಲೂ ಜಾರುತ್ತದೆ, ಒದ್ದೆಯಾದಾಗಲೂ ಜಾರುತ್ತದೆ. ಮಲಗಿದ ಹುಲ್ಲಿನ ಬದಿಯಲ್ಲಿ ನಿಂತ ಹುಲ್ಲಿನ ಬುಡಕ್ಕೆ ಕಾಲಿಡಿ. ಶೂವಿನ ದಾರವನ್ನು ಹೊರಡುವ ಮೊದಲು ಬಿಗಿ ಮಾಡಿ, ಇಲ್ಲದಿದ್ದರೆ ಬೆರಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಚಿಕ್ಕ ಹೆಜ್ಜೆ, ಕಡಿದಾದಲ್ಲಿ ಅಡ್ಡಡ್ಡ ಇಳಿಯಿರಿ. ಕೋಲು ಕೆಳಬದಿಗೆ ಊರಿ. ಓಡಿಕೊಂಡು ಇಳಿಯುವ ಹುಡುಗರನ್ನು ಸಾಲಿನ ನಡುವೆ ಹಾಕಿ, ಮುಂದೆ ಒಬ್ಬರು ಹಿಂದೆ ಒಬ್ಬರು ಹಿರಿಯರು.

ಕಾಲು ಉಳುಕಿದರೆ ಶೂ ಬಿಚ್ಚಬೇಡಿ, ಬಾತರೆ ಮತ್ತೆ ಹಾಕಲಾಗದು. ಶೂವಿನ ಮೇಲೆಯೇ ಬಟ್ಟೆ ಸುತ್ತಿ ಆಧಾರ ಕೊಟ್ಟು ಕೆಳಗಿಳಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದ ಹಾಗೆ ಕಟ್ಟಿ ಎತ್ತಿಕೊಂಡು ಹೋಗಿ. ರಾಜಪುರದ ಹತ್ತಿರ ಪೂಡಂಕಲ್ಲಿನಲ್ಲಿ ತಾಲೂಕು ಆಸ್ಪತ್ರೆ, ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆ. ಹೊರಡುವ ಮೊದಲೇ ಫೋನು ಮಾಡಿ ಔಷಧಿ ಎಲ್ಲಿದೆ ಎಂದು ಕೇಳಿದರೆ ಸುತ್ತಾಟ ತಪ್ಪುತ್ತದೆ.

ಕೌಂಟರಿಗೆ ಮುಟ್ಟಿದ ಮೇಲೆ ಇಳಿದು ಬಂದಿದ್ದೀರಿ ಎಂದು ಗಾರ್ಡಿಗೆ ಹೇಳಿ. ಕಾರು ಹತ್ತುವ ಮೊದಲು ಶೂ, ಕಾಲುಚೀಲ ಬಿಚ್ಚಿ ಕೊಡವಿ. ಬೆರಳುಸಂದಿ, ಮೊಣಕಾಲಿನ ಹಿಂಬದಿ, ಸೊಂಟದ ಪಟ್ಟಿಯ ಸುತ್ತ ನೋಡಿಕೊಳ್ಳಿ. ಶೂವಿನ ಅಡಿಗೆ ಕಚ್ಚಿದ ಮಣ್ಣು, ಹುಲ್ಲಿನ ಬೀಜವನ್ನು ಅಲ್ಲೇ ಕೆರೆದು ತೆಗೆಯಿರಿ. ಕಾಲುಚೀಲವನ್ನು ಕಟ್ಟಿದ ಚೀಲದಲ್ಲಿಟ್ಟು ಮನೆಯಲ್ಲಿ ಬಿಸಿನೀರಿಗೆ ಹಾಕಿ. ಕಾರಿನ ಮ್ಯಾಟಿನ ಅಡಿಯನ್ನು ಮರೆಯಬೇಡಿ, ರಕ್ತ ಕುಡಿದು ದಪ್ಪಗಾದ ಇಂಬಳ ಮರುದಿನ ಬೆಳಿಗ್ಗೆ ಸಿಗುವುದು ಹೆಚ್ಚಾಗಿ ಅಲ್ಲಿ.